ಅಕ್ಕಿ ಕಟ್ಟಿದ ನಗರ

ಅಮೆರಿಕದ ಸಂಯುಕ್ತ ಸಂಸ್ಥಾನಗಳಿಗೆ ಹೋಗಿಬರುವ ನಮ್ಮವರು ಸಾಮಾನ್ಯವಾಗಿ ನ್ಯೂಯಾರ್ಕಿನ ಗಗನಚುಂಬಿ ಕಟ್ಟಡಗಳನ್ನು ಕಂಡು, ನಯಾಗರಾ ಜಲಪಾತದ ತುಂತುರಿಗೆ ಮೈಯೊಡ್ಡಿ, ವಾಷಿಂಗ್ಟನ್ನಿನ ಶ್ವೇತಭವನದ ಮುಂದೆ ಒಂದು ಚಿತ್ರ ತೆಗೆಸಿಕೊಂಡು ಹಿಂತಿರುಗುತ್ತಾರೆ. ದಕ್ಷಿಣದ ಕರಾವಳಿಯ ಕಡೆ ಮುಖ ಮಾಡುವವರು ವಿರಳ. ನಾನೂ ಹಾಗೆಯೇ ಹಿಂತಿರುಗುತ್ತಿದ್ದೆನೋ ಏನೋ. ಆ ದೇಶದಲ್ಲಿ ನೆಲೆಸಿರುವ ನನ್ನ ತಮ್ಮ, “ಅಣ್ಣ, ಮೂರು ದಿನ ರಜ ಇದೆ, ಸಮುದ್ರದ ಕಡೆ ಹೋಗಿಬರೋಣ” ಎಂದು ಹಟ ಹಿಡಿದುದರಿಂದ ದಕ್ಷಿಣ ಕೆರೊಲಿನಾ ರಾಜ್ಯದ ಕರಾವಳಿಯನ್ನು ಕಾಣುವ ಯೋಗ ಒದಗಿತು. ಹೊರಡುವಾಗ ನನ್ನ ಮನಸ್ಸಿನಲ್ಲಿದ್ದುದು ಮರಳ ದಂಡೆ, ತಂಗಾಳಿ ಮತ್ತು ವಿಶ್ರಾಂತಿ. ಬರುವಾಗ ತಲೆಯಲ್ಲಿ ತುಂಬಿಕೊಂಡುದು ಅಕ್ಕಿಯ ಕಥೆ.

ಕಥೆ ಮೊದಲಾದುದು ಹೆದ್ದಾರಿಯ ಬದಿಯಲ್ಲಿ. ಚಾರ್ಲ್ಸ್‌ಟನ್ ನಗರಕ್ಕೆ ಕೆಲವೇ ಮೈಲಿ ಇರುವಾಗ ಮೌಂಟ್ ಪ್ಲೆಸೆಂಟ್ ಎಂಬಲ್ಲಿ ಮರದ ತಟ್ಟಿಯ ಪುಟ್ಟ ಅಂಗಡಿಗಳು ಸಿಗುತ್ತವೆ. ಅಲ್ಲಿ ಕರಿಯ ಜನಾಂಗದ ಹೆಂಗಸರು ಕುಳಿತು ಹುಲ್ಲಿನ ಬುಟ್ಟಿ ಹೆಣೆಯುತ್ತಾರೆ. ಮುಪ್ಪಿನ ಅಂಚಿಗೆ ಬಂದ ಒಬ್ಬಾಕೆಯ ಅಂಗಡಿಯ ಗೋಡೆಗೆ ಅಗಲವಾದ, ಆಳವಿಲ್ಲದ, ತಟ್ಟೆಯಂಥ ಒಂದು ಬುಟ್ಟಿಯನ್ನು ತೂಗುಹಾಕಿದ್ದರು. ಇದು ಏತಕ್ಕೆ ಎಂದು ಕೇಳಿದೆ. ಆಕೆ ಮಾತನಾಡದೆ ಅದನ್ನು ಕೆಳಗಿಳಿಸಿ, ಎರಡೂ ಕೈಯಲ್ಲಿ ಹಿಡಿದು, ಮೇಲಕ್ಕೆ ಎರಡು ಬಾರಿ ಚಿಮ್ಮಿಸಿ ತೋರಿಸಿದರು. ನಾನು ಬೆರಗಾದೆ. ನಮ್ಮ ಅಜ್ಜಿ ಹಿತ್ತಲಿನಲ್ಲಿ ನಿಂತು ಅಕ್ಕಿ ಕೇರುತ್ತಿದ್ದಾಗ ಇದ್ದ ಮಣಿಕಟ್ಟಿನ ಅದೇ ತಿರುವು! ಇದು ಮೊರ. ನಮ್ಮ ಮೊರಕ್ಕೆ ಒಂದು ಬದಿ ತೆರೆದಿರುತ್ತದೆ, ಇದಕ್ಕೆ ಸುತ್ತಲೂ ಅಂಚು. ನಮ್ಮದು ಬಿದಿರಿನ ಹೆಣಿಗೆ, ಇದು ಹುಲ್ಲನ್ನು ಸುರುಳಿ ಸುತ್ತಿ ತಾಳೆಯ ಜಾತಿಯ ಗರಿಯ ಎಳೆಯಿಂದ ಹೊಲಿದುದು. ಆದರೆ ಕೆಲಸ ಒಂದೇ.

ಗೋಧಿ ಮತ್ತು ಜೋಳದ ನಾಡಾದ ಅಮೆರಿಕದಲ್ಲಿ ಮೊರ ಏಕೆ ಬಂತು? ಯಾರು ತಂದರು? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ಚಾರ್ಲ್ಸ್‌ಟನ್ನಿನ ಇಡೀ ಚರಿತ್ರೆಯೇ ಬಿಚ್ಚಿಕೊಳ್ಳುತ್ತದೆ.

ಚಿನ್ನದ ಬಣ್ಣದ ಭತ್ತ

ಇಂಗ್ಲಿಷರು ಈ ವಸಾಹತನ್ನು ಸ್ಥಾಪಿಸಿದುದು 1670ರಲ್ಲಿ. ಎರಡನೆಯ ಚಾರ್ಲ್ಸ್ ದೊರೆಯ ಹೆಸರಿನಿಂದ ಅದು ಚಾರ್ಲ್ಸ್ ಟೌನ್ ಆಯಿತು. ಸ್ವಾತಂತ್ರ್ಯ ಬಂದ ಮೇಲೆ 1783ರಲ್ಲಿ ಚಾರ್ಲ್ಸ್‌ಟನ್ ಎನಿಸಿತು. ಆಶ್ಲಿ ಮತ್ತು ಕೂಪರ್ ಎಂಬ ಎರಡು ನದಿಗಳು ಕೂಡುವ ನೆಲದ ನಾಲಗೆಯ ಮೇಲೆ ಊರು ನಿಂತಿದೆ. ಮೊದಲು ಬಂದವರಲ್ಲಿ ಹಲವರು ವೆಸ್ಟ್ ಇಂಡೀಸಿನ ಬಾರ್ಬಡೋಸ್ ದ್ವೀಪದಿಂದ ಬಂದವರು. ಅಲ್ಲಿ ಕಬ್ಬಿನ ತೋಟಗಳಲ್ಲಿ ಆಫ್ರಿಕದ ಗುಲಾಮರನ್ನು ದುಡಿಸಿ ರೂಢಿಯಾಗಿದ್ದ ಈ ದೊರೆಗಳು ಇಲ್ಲಿಗೂ ಗುಲಾಮರನ್ನು ಹಿಡಿದುಕೊಂಡೇ ಬಂದರು.

ಹದಿನೇಳನೆಯ ಶತಮಾನದ ಕೊನೆಯ ಹೊತ್ತಿಗೆ ಇಲ್ಲಿಯ ಜೌಗು ನೆಲಕ್ಕೆ ಒಪ್ಪುವ ಬೆಳೆ ಭತ್ತವೆಂಬುದು ಗೊತ್ತಾಯಿತು. ಮುಂದೆ ಹೆಸರುವಾಸಿಯಾದ ತಳಿಯ ಹೊಟ್ಟು ಚಿನ್ನದ ಬಣ್ಣದ್ದಾದುದರಿಂದ ಅದಕ್ಕೆ ‘ಕೆರೊಲಿನಾ ಗೋಲ್ಡ್’ ಎಂಬ ಹೆಸರೇ ಬಿದ್ದಿತು. ಹೊಟ್ಟಿಗೆ ಮಾತ್ರವಲ್ಲ, ಮಾಲೀಕರ ತಿಜೋರಿಗೂ ಆ ಹೆಸರು ಒಪ್ಪುವಂತಿತ್ತು. ಹಡಗು ಹಡಗು ಅಕ್ಕಿ ಯೂರೋಪಿಗೂ ವೆಸ್ಟ್ ಇಂಡೀಸಿಗೂ ಸಾಗಿತು. ಸ್ವಾತಂತ್ರ್ಯ ಸಮರದ ಹೊತ್ತಿಗೆ ಈ ರೇವು ವಸಾಹತುಗಳ ಅತ್ಯಂತ ಶ್ರೀಮಂತ ನಗರಗಳಲ್ಲಿ ಒಂದಾಗಿದ್ದಿತು.

ಈ ಗದ್ದೆಗಳ ವ್ಯವಸ್ಥೆ ಸೋಜಿಗದ್ದು. ಸಮುದ್ರದ ಉಬ್ಬರ ಬಂದಾಗ ಉಪ್ಪುನೀರು ನದಿಯ ಬಾಯೊಳಕ್ಕೆ ನುಗ್ಗುತ್ತದೆ. ಉಪ್ಪುನೀರು ಭಾರ. ಆದುದರಿಂದ ಅದು ತಳದಲ್ಲಿ ಸರಿದು, ಮೇಲಿನ ಸಿಹಿನೀರನ್ನು ಎತ್ತುತ್ತದೆ. ಹಾಗೆ ಎದ್ದ ಸಿಹಿನೀರನ್ನು ಮಾತ್ರ ಗದ್ದೆಗೆ ಬಿಟ್ಟುಕೊಂಡು, ಇಳಿತದಲ್ಲಿ ಬೇಡವಾದ ನೀರನ್ನು ಹೊರಕ್ಕೆ ಬಿಡಬೇಕು. ಇದಕ್ಕಾಗಿ ನದಿಯ ಉದ್ದಕ್ಕೂ ಮಣ್ಣಿನ ಒಡ್ಡು, ಒಡ್ಡಿನಲ್ಲಿ ಮರದ ತೂಬು. ಇಲ್ಲಿಯ ಜನ ಈ ತೂಬಿಗೆ ‘ಟ್ರಂಕ್’ ಎನ್ನುತ್ತಾರೆ. ಹಿಂದೆ ಮರದ ಕಾಂಡವನ್ನೇ ಕೊರೆದು ಕೊಳವೆ ಮಾಡಿ ಹೂತು, ಕೊನೆಗೆ ಬೆಣೆ ಜಡಿಯುತ್ತಿದ್ದುದರಿಂದ ಆ ಹೆಸರು ನಿಂತಿತಂತೆ. ಹಲ್ಲಿನ ಸಂದಿಯಷ್ಟು ತಪ್ಪಿದರೂ ಉಪ್ಪುನೀರು ನುಗ್ಗಿ ವರ್ಷದ ಬೆಳೆ ಹಾಳು. ಸೈಪ್ರೆಸ್ ಮರಗಳ ದಟ್ಟ ಜೌಗು ಕಾಡನ್ನು ಕಡಿದು, ಬೇರು ಕಿತ್ತು, ಮೈಲಿಗಟ್ಟಲೆ ಒಡ್ಡು ಹಾಕಿದವರು ಗುಲಾಮರು. ಸೊಂಟದವರೆಗಿನ ಕೆಸರು, ಹಾವು, ಸೊಳ್ಳೆ, ಮಲೇರಿಯಾ. ಬೇಸಿಗೆಯಾದೊಡನೆ ಜ್ವರಕ್ಕೆ ಹೆದರಿ ಮಾಲೀಕರ ಸಂಸಾರಗಳು ನಗರಕ್ಕೆ ಓಡುತ್ತಿದ್ದುವು. ಗದ್ದೆಯಲ್ಲಿ ಉಳಿಯುತ್ತಿದ್ದವರು ಗುಲಾಮರು ಮತ್ತು ಅವರ ಮೇಲಿನ ಮೇಸ್ತ್ರಿಗಳು.

ಸುಗ್ಗಿಯಾದ ಮೇಲೂ ಕಷ್ಟ ಮುಗಿಯುತ್ತಿರಲಿಲ್ಲ. ಯಂತ್ರಗಳು ಬರುವವರೆಗೆ ಭತ್ತವನ್ನು ಮರದ ಒರಳಿನಲ್ಲಿ ಹಾಕಿ ಒನಕೆಯಿಂದ ಕುಟ್ಟಿ, ಮೊರದಲ್ಲಿ ಕೇರಬೇಕಾಗಿತ್ತು. ನಮ್ಮ ಮನೆಗಳಲ್ಲಿ ಒಂದು ಹೊತ್ತಿನ ಅಡಿಗೆಗೆ ಕುಟ್ಟುವುದು ಒಂದು ಮಾತು, ಹಡಗು ತುಂಬುವಷ್ಟು ಅಕ್ಕಿಯನ್ನು ಕುಟ್ಟುವುದು ಇನ್ನೊಂದು ಮಾತು. ಒನಕೆ ಹಿಡಿದವರಿಗೆ ಅದರಲ್ಲಿ ಒಂದು ಕಾಳೂ ಸ್ವಂತದ್ದಲ್ಲ.

ಈಗ ಮೊರದ ಪ್ರಶ್ನೆಗೆ ಬರೋಣ. ಇಂಗ್ಲೆಂಡಿನಿಂದ ಬಂದ ದೊರೆಗಳಿಗೆ ಭತ್ತದ ಬೇಸಾಯ ಗೊತ್ತಿರಲಿಲ್ಲ. ಪಶ್ಚಿಮ ಆಫ್ರಿಕದ ಸೆನೆಗಲ್, ಗ್ಯಾಂಬಿಯಾದಿಂದ ಸಿಯೆರಾ ಲಿಯೋನ್‌ವರೆಗಿನ ಜನರಿಗೆ ಶತಮಾನಗಳಿಂದ ಗೊತ್ತಿತ್ತು. ಚಾರ್ಲ್ಸ್‌ಟನ್ನಿನ ವ್ಯಾಪಾರಿಗಳು ‘ಭತ್ತದ ಕರಾವಳಿಯಿಂದ ಬಂದ ಗುಲಾಮರು’ ಎಂದು ವಿಶೇಷವಾಗಿ ಜಾಹೀರಾತು ಕೊಡುತ್ತಿದ್ದರು. ಈ ಬೇಸಾಯದ ವಿದ್ಯೆಯನ್ನು ಕೊಟ್ಟವರು ಆಫ್ರಿಕನರೇ ಎಂಬ ವಾದವನ್ನು ಪೀಟರ್ ವುಡ್ ಎಂಬ ವಿದ್ವಾಂಸರು 1974ರಲ್ಲಿ ಮುಂದಿಟ್ಟರು. ಜುಡಿತ್ ಕಾರ್ನಿ ಎಂಬಾಕೆ 2001ರಲ್ಲಿ ಅದನ್ನು ಇನ್ನಷ್ಟು ವಿಸ್ತರಿಸಿದರು. ಹಡಗಿನ ದಾಖಲೆಗಳನ್ನು ಲೆಕ್ಕ ಹಾಕಿದ ಬೇರೆ ಚರಿತ್ರಕಾರರು ಇದು ಅತಿಯಾಯಿತೆಂದು ಆಕ್ಷೇಪಿಸಿದುದೂ ಉಂಟು. ವಾದ ಹೇಗಾದರೂ ಇರಲಿ, ಒರಳು, ಒನಕೆ, ಮೊರಗಳು ಆಫ್ರಿಕದ ರೀತಿಯವೆಂಬುದು ಕಣ್ಣಿಗೆ ಕಾಣುವ ಸಾಕ್ಷ್ಯ. ಕೈಕೋಳ ತೊಟ್ಟು ಬಂದವರು ಬುಟ್ಟಿಯನ್ನು ತರಲಾರರು, ಬುಟ್ಟಿ ಹೆಣೆಯುವ ಕೈಯನ್ನು ತಂದರು.

ಅಕ್ಕಿಯ ಜೊತೆಗೆ ನೀಲಿಯೂ ಬೆಳೆಯಿತು. ಎಲೈಜಾ ಲೂಕಸ್ ಎಂಬ ತರುಣಿ ತಂದೆಯ ತೋಟಗಳನ್ನು ನೋಡಿಕೊಳ್ಳುತ್ತ 1740ರ ದಶಕದಲ್ಲಿ ನೀಲಿಯ ಬೆಳೆಯನ್ನು ಇಲ್ಲಿ ಊರ್ಜಿತಗೊಳಿಸಿದಳು. ಬ್ರಿಟಿಷ್ ಸರ್ಕಾರದ ಸಹಾಯಧನದಿಂದ ಅದು ಅಕ್ಕಿಯ ನಂತರದ ದೊಡ್ಡ ರಫ್ತಾಯಿತು. ಅಮೆರಿಕ ಸ್ವತಂತ್ರವಾದಾಗ ಆ ಸಹಾಯಧನ ತಪ್ಪಿತು, ನೀಲಿ ಕುಸಿಯಿತು. ಇಂಗ್ಲಿಷರು ನೀಲಿಗಾಗಿ ಬಂಗಾಳದ ಕಡೆ ತಿರುಗಿದರು. ಬಂಗಾಳದ ರೈತರ ನೀಲಿಯ ಗೋಳನ್ನು ನಾವೆಲ್ಲ ಓದಿದ್ದೇವೆ. ಅದರ ಮೊದಲ ಅಧ್ಯಾಯವನ್ನು ಕೆರೊಲಿನಾದಲ್ಲಿ ಬರೆದಿತ್ತೆಂದು ನನಗೆ ಹೊಳೆದುದು ಇಲ್ಲಿಗೆ ಬಂದ ಮೇಲೆ.

ಸುಂದರವಾದ ಬೀದಿಗಳು

ಚಾರ್ಲ್ಸ್‌ಟನ್ ಸುಂದರವಾದ ಊರು. ಇದನ್ನು ಒಪ್ಪದಿದ್ದರೆ ಅನ್ಯಾಯವಾದೀತು. ಮನೆಗಳು ಬೀದಿಗೆ ಪಕ್ಕೆ ಕೊಟ್ಟು ನಿಂತಿವೆ. ಅಗಲ ಒಂದೇ ಕೋಣೆ, ಉದ್ದಕ್ಕೆ ಅಂತಸ್ತು ಅಂತಸ್ತಿನ ಜಗಲಿ, ಸಮುದ್ರದ ಗಾಳಿ ಅದರಲ್ಲಿ ಹಾಯ್ದುಹೋಗುತ್ತದೆ. ಈಸ್ಟ್ ಬೇ ಬೀದಿಯಲ್ಲಿ ಗುಲಾಬಿ, ತಿಳಿಹಸಿರು, ಹಳದಿ, ನೀಲಿ ಬಣ್ಣ ಬಳಿದ 13 ಮನೆಗಳ ಸಾಲಿಗೆ ‘ಕಾಮನಬಿಲ್ಲಿನ ಸಾಲು’ ಎಂದೇ ಹೆಸರು. 1886ರ ಭೂಕಂಪದಲ್ಲಿ ಬಿರಿದ ಗೋಡೆಗಳನ್ನು ಬಿಗಿದ ಕಬ್ಬಿಣದ ಸರಳುಗಳ ಬಿಲ್ಲೆಗಳು ಇಂದಿಗೂ ಹೊರಗಡೆ ಕಾಣುತ್ತವೆ. 1931ರಲ್ಲಿಯೇ ಕಾನೂನು ಮಾಡಿ ಹಳೆಯ ಭಾಗವನ್ನು ಕಾಪಾಡಿಕೊಂಡ ಮೊದಲ ಅಮೆರಿಕನ್ ನಗರ ಇದು. ಕುದುರೆಗಾಡಿಯಲ್ಲಿ ಕುಳಿತು ಇದನ್ನೆಲ್ಲ ನೋಡುತ್ತ ಹೋಗುವಾಗ ಕಾಲ ಹಿಂದಕ್ಕೆ ಹರಿದಂತೆ ಭಾಸವಾಗುತ್ತದೆ.

ಆದರೆ ಹಿಂದಕ್ಕೆ ಹರಿದ ಕಾಲ ಎಲ್ಲಿಗೆ ತಲುಪುತ್ತದೆ? ಒಂದು ಹಳೆಯ ಗೋಡೆಯ ಬಳಿ ನಮ್ಮ ಮಾರ್ಗದರ್ಶಿ ನಿಂತು, ಇಟ್ಟಿಗೆಯೊಂದರ ಮೇಲಿನ ಸಣ್ಣ ಕುಳಿಗಳನ್ನು ತೋರಿಸಿದ. ಅವು ಬೆರಳಿನ ಗುರುತುಗಳು. ಹಸಿ ಇಟ್ಟಿಗೆಯನ್ನು ಬಿಸಿಲಿಗೆ ಮಗುಚುವಾಗ ಗುಲಾಮರ ಕೈಬೆರಳು ಒತ್ತಿದ ಗುರುತು. ಕೆಲವು ಗುರುತುಗಳು ತೀರ ಸಣ್ಣವು, ಮಕ್ಕಳವು. ನನ್ನ ತಮ್ಮನ ಮಗಳು ಆ ಕುಳಿಯಲ್ಲಿ ತನ್ನ ಬೆರಳನ್ನು ಇಟ್ಟು ನೋಡಿದಳು. ಸರಿಯಾಗಿ ಕೂತಿತು. ಅಲ್ಲಿಂದ ಮುಂದೆ ಬಣ್ಣದ ಮನೆಗಳು ನನಗೆ ಮೊದಲಿನಂತೆ ಕಾಣಲಿಲ್ಲ.

ಅದೇ ಹಳೆಯ ಊರಿನಲ್ಲಿ ಗುಲಾಮರ ಸಂತೆಯ ಕಟ್ಟಡವೊಂದು ಉಳಿದಿದೆ. ಬಹಿರಂಗವಾಗಿ ಬೀದಿಯಲ್ಲಿ ಮನುಷ್ಯರನ್ನು ಹರಾಜು ಹಾಕುವುದು ಊರಿನ ಮರ್ಯಾದೆಗೆ ಶೋಭಿಸದೆಂದು 1856ರಲ್ಲಿ ನಗರಸಭೆ ಅದನ್ನು ನಿಷೇಧಿಸಿತು. ನಿಷೇಧಿಸಿದುದು ಬೀದಿಯಲ್ಲಿ ಮಾರುವುದನ್ನು, ಮಾರುವುದನ್ನಲ್ಲ! ಒಳಗೆ ಮಾರುವುದಕ್ಕೆ ಈ ಕಟ್ಟಡ ಎದ್ದಿತು. ಈಗ ಅದು ವಸ್ತುಸಂಗ್ರಹಾಲಯ.

ರೇವಿನ ಬಾಯಲ್ಲಿ ಸಲಿವನ್ಸ್ ದ್ವೀಪವಿದೆ. ಬೇಸಿಗೆಯಲ್ಲಿ ಜನ ಇಲ್ಲಿ ಸಮುದ್ರಸ್ನಾನಕ್ಕೆ ಬರುತ್ತಾರೆ. 1776ರ ಜೂನ್ 28ರಂದು ಬ್ರಿಟಿಷ್ ನೌಕಾಪಡೆಯ ಗುಂಡುಗಳನ್ನು ತಾಳೆಯ ಜಾತಿಯ ಪಾಲ್ಮೆಟೊ ಮರದ ದಿಮ್ಮಿಗಳ ಕೋಟೆ ನುಂಗಿಕೊಂಡುದು ಇಲ್ಲಿಯೇ. ಆ ಮೆದು ಮರ ಒಡೆಯಲಿಲ್ಲ, ಆದುದರಿಂದ ಅದು ರಾಜ್ಯದ ಧ್ವಜವನ್ನು ಏರಿತು. ಎಡ್ಗರ್ ಅಲನ್ ಪೋ ಸೈನಿಕನಾಗಿ ಒಂದು ವರ್ಷ ಇಲ್ಲಿದ್ದು, ಮುಂದೆ ಈ ದ್ವೀಪವನ್ನು ತನ್ನ ಕಥೆಯೊಂದರಲ್ಲಿ ತಂದನು. ಇವೆಲ್ಲ ಪ್ರವಾಸಿಗೆ ಬಲು ಹಿಂದಿನಿಂದ ಹೇಳುತ್ತಿದ್ದ ಸಂಗತಿಗಳು. ಹೇಳದೆ ಬಿಟ್ಟಿದ್ದುದು ಇನ್ನೊಂದು. ಆಫ್ರಿಕದಿಂದ ಬಂದ ಹಡಗಿನವರಿಗೆ ರೋಗವಿದ್ದರೆ ಊರಿಗೆ ತಗಲದಂತೆ ಅವರನ್ನು ಮೊದಲು ಕೂಡಿಹಾಕುತ್ತಿದ್ದುದು ಈ ದ್ವೀಪದಲ್ಲಿಯೇ. ಉತ್ತರ ಅಮೆರಿಕದ ಈ ಭಾಗಕ್ಕೆ ಬಂದ ಆಫ್ರಿಕನರಲ್ಲಿ ಸುಮಾರು ನೂರಕ್ಕೆ 40ರಷ್ಟು ಮಂದಿ ಈ ರೇವಿನ ಮೂಲಕ ಬಂದರೆಂದು ಚರಿತ್ರಕಾರರ ಅಂದಾಜು. ಅವರನ್ನು ನೆನೆದು ಕೂರಲು ಒಂದು ಕಲ್ಲೂ ಇಲ್ಲವಲ್ಲ ಎಂದು ಕಾದಂಬರಿಗಾರ್ತಿ ಟೋನಿ ಮಾರಿಸನ್ ಕೊರಗಿದ್ದರು. 2008ರಲ್ಲಿ ಇಲ್ಲಿ ಒಂದು ಬೆಂಚನ್ನು ಹಾಕಿದರು. ಕರಿಯ ಬಣ್ಣದ ಸಾಧಾರಣ ಬೆಂಚು. ನಾವು ಅದರ ಮೇಲೆ ಸ್ವಲ್ಪ ಹೊತ್ತು ಕುಳಿತೆವು.

ಸುಮ್ಮನಿರದವರು

ಗುಲಾಮರು ಎಲ್ಲವನ್ನೂ ಸಹಿಸಿಕೊಂಡಿದ್ದರೆಂದು ತಿಳಿಯಬಾರದು. 1708ರ ಹೊತ್ತಿಗೆ ಈ ವಸಾಹತಿನಲ್ಲಿ ಬಿಳಿಯರಿಗಿಂತ ಕರಿಯರ ಸಂಖ್ಯೆಯೇ ಹೆಚ್ಚಾಗಿತ್ತು. ಆದುದರಿಂದ ದೊರೆಗಳ ನಿದ್ದೆಯಲ್ಲಿ ಸದಾ ಭಯ. 1739ರ ಸೆಪ್ಟೆಂಬರ್ 9ರ ಭಾನುವಾರ ಸ್ಟೋನೊ ನದಿಯ ಬಳಿ ಗುಲಾಮರ ಗುಂಪೊಂದು ಬಂದೂಕಿನ ಅಂಗಡಿಯನ್ನು ಒಡೆದು, ಡೋಲು ಬಾರಿಸುತ್ತ, ಸ್ಪೇನಿನವರ ಆಡಳಿತದಲ್ಲಿದ್ದ ಫ್ಲಾರಿಡಾದ ಕಡೆ ಹೊರಟಿತು. ಅದೇ ದಿನ ಸಂಜೆಯೊಳಗೆ ಸೈನ್ಯ ಅವರನ್ನು ಸದೆಬಡಿಯಿತು. ಮರುವರ್ಷ ಬಂದ ಕಾನೂನು ಗುಲಾಮರಿಗೆ ಬರೆಯಲು ಕಲಿಸುವುದನ್ನೂ ಡೋಲು ಬಾರಿಸುವುದನ್ನೂ ನಿಷೇಧಿಸಿತು. ಡೋಲಿಗೂ ಬರವಣಿಗೆಗೂ ಒಂದೇ ಕಾನೂನು! ಎರಡೂ ಸುದ್ದಿ ಮುಟ್ಟಿಸುತ್ತವೆಂಬುದು ದೊರೆಗಳಿಗೆ ಗೊತ್ತಿತ್ತು.

ಡೆನ್ಮಾರ್ಕ್ ವೆಸಿ ಎಂಬ ಬಡಗಿ ಲಾಟರಿಯಲ್ಲಿ ಬಂದ ಹಣದಿಂದ ತನ್ನ ಸ್ವಾತಂತ್ರ್ಯವನ್ನು ಕೊಂಡುಕೊಂಡವನು. ತನ್ನವರಿಗಾಗಿ ದಂಗೆಯ ಸಂಚು ಹೂಡಿದನೆಂದು 1822ರಲ್ಲಿ ಅವನನ್ನೂ ಇತರ 34 ಮಂದಿಯನ್ನೂ ಗಲ್ಲಿಗೇರಿಸಿದರು. ಅವನು ಸೇರಿದ್ದ ಚರ್ಚನ್ನು ನೆಲಸಮ ಮಾಡಿದರು. ಆ ಪರಂಪರೆಯ ಮುಂದುವರಿಕೆಯೇ ಇಂದಿನ ಇಮ್ಯಾನುಯಲ್ ಚರ್ಚ್. ಅಲ್ಲಿ 2015ರ ಜೂನ್ 17ರಂದು, ಪ್ರಾರ್ಥನೆಗೆ ಕುಳಿತಿದ್ದ 9 ಮಂದಿಯನ್ನು ಒಬ್ಬ ಬಿಳಿಯ ತರುಣ ಗುಂಡಿಕ್ಕಿ ಕೊಂದ. ಅವರು ಅವನನ್ನು ತಮ್ಮ ನಡುವೆ ಕೂರಿಸಿಕೊಂಡಿದ್ದರು. ಚರಿತ್ರೆಯೆಂಬುದು ಮುಗಿದುಹೋದ ಮಾತೆಂದು ಹೇಳುವವರು ಈ ಚರ್ಚಿನ ಮುಂದೆ ಒಂದು ನಿಮಿಷ ನಿಲ್ಲಬೇಕು.

ಸಮ್ಟರ್ ಮತ್ತು ಧಾರವಾಡ

ರೇವಿನ ನಡುವೆ, ದೋಣಿಯಲ್ಲಿ ಹೋಗಿ ನೋಡಬೇಕಾದ ಸಮ್ಟರ್ ಕೋಟೆಯಿದೆ. ದಕ್ಷಿಣ ಕೆರೊಲಿನಾ 1860ರ ಡಿಸೆಂಬರ್ 20ರಂದು ಇದೇ ಚಾರ್ಲ್ಸ್‌ಟನ್ನಿನಲ್ಲಿ ಸಭೆ ಸೇರಿ, ಸಂಯುಕ್ತ ಸಂಸ್ಥಾನಗಳಿಂದ ಹೊರಬಿದ್ದೆವೆಂದು ಸಾರಿತು. 1861ರ ಏಪ್ರಿಲ್ 12ರ ಬೆಳಗಿನ ಜಾವ ನಾಲ್ಕೂವರೆಗೆ ಸಮ್ಟರ್ ಮೇಲೆ ಮೊದಲ ಗುಂಡು ಹಾರಿತು. ಆ ಗುಂಡಿನ ಸುರಿಮಳೆಯಲ್ಲಿ ಒಬ್ಬರೂ ಸಾಯಲಿಲ್ಲ. ಅಲ್ಲಿಂದ ಹೊತ್ತಿಕೊಂಡ ಅಂತರ್ಯುದ್ಧದಲ್ಲಿ ಸತ್ತವರು ಆರು ಲಕ್ಷಕ್ಕೂ ಹೆಚ್ಚು.

ಈ ಗುಂಡಿನ ಸದ್ದು ನಮ್ಮ ನಾಡಿಗೂ ಕೇಳಿಸಿತು. ಉತ್ತರದವರು ದಕ್ಷಿಣದ ರೇವುಗಳನ್ನು ಮುಚ್ಚಿದಾಗ ಇಂಗ್ಲೆಂಡಿನ ಲ್ಯಾಂಕಶೈರ್ ಗಿರಣಿಗಳಿಗೆ ಹತ್ತಿಯಿಲ್ಲವಾಯಿತು. ಬೊಂಬಾಯಿಯಲ್ಲಿ ಹತ್ತಿಯ ಬೆಲೆ ಮುಗಿಲಿಗೇರಿತು. ಧಾರವಾಡದ ಸೀಮೆಯಲ್ಲಿ 1840ರ ದಶಕದಿಂದಲೇ ಅಮೆರಿಕದ ಬೀಜ ತಂದು ಬೆಳೆಸಿದ ‘ಧಾರವಾಡ ಅಮೆರಿಕನ್’ ಹತ್ತಿಯಿತ್ತು. ಅದು ಎತ್ತಿನ ಗಾಡಿಗಳಲ್ಲಿ ಘಟ್ಟವಿಳಿದು ಕುಮಟೆಯ ಬಂದರಿಗೆ ಬಂದು ಹಡಗು ಹತ್ತುತ್ತಿತ್ತು. ಪೇಟೆಯಲ್ಲಿ ‘ಕುಮಟಾ ಹತ್ತಿ’ ಎಂಬ ಹೆಸರೇ ನಿಂತುದು ಹಾಗೆ. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬೊಂಬಾಯಿ ಪ್ರಾಂತಕ್ಕೆ ಸೇರಿಸಿದುದರ ಹಿಂದೆಯೂ ಕಾರವಾರದಲ್ಲಿ ಹತ್ತಿಗೆ ಬಂದರು ಬೇಕೆಂಬ ಒತ್ತಾಯ ಕೆಲಸ ಮಾಡಿತ್ತು. 1865ರಲ್ಲಿ ಯುದ್ಧ ನಿಂತಿತು, ಬೆಲೆಯೂ ಬಿದ್ದಿತು. ಗದಗಿನ ಹೊಲದಲ್ಲಿ ನಿಂತಿದ್ದ ರೈತನಿಗೆ ತನ್ನ ಬೆಲೆ ಏಕೆ ಏರಿತು, ಏಕೆ ಇಳಿಯಿತೆಂದು ಹೇಳುವವರು ಯಾರು? ಸಮ್ಟರಿನ ಮುರುಕು ಗೋಡೆಯ ಮೇಲೆ ನಿಂತು ನಾನು ನೆನೆದುದು ಆ ರೈತನನ್ನು.

ಇದೇ ಕೋಟೆಯ ಮುಂದೆ 1862ರ ಮೇ 13ರ ನಸುಕಿನಲ್ಲಿ ಇನ್ನೊಂದು ಘಟನೆ ನಡೆಯಿತು. ಬ್ಯೂಫರ್ಟ್ ಊರಿನ ರಾಬರ್ಟ್ ಸ್ಮಾಲ್ಸ್ ಎಂಬ ಗುಲಾಮ ‘ಪ್ಲಾಂಟರ್’ ಎಂಬ ಹಡಗಿನಲ್ಲಿ ಚುಕ್ಕಾಣಿ ಹಿಡಿಯುತ್ತಿದ್ದನು. ಬಿಳಿಯ ಅಧಿಕಾರಿಗಳು ರಾತ್ರಿ ಮನೆಗೆ ಹೋಗಿದ್ದಾಗ ಹಡಗನ್ನು ಬಿಚ್ಚಿ, ಹೆಂಡತಿ ಮಕ್ಕಳನ್ನೂ ಜೊತೆಗಾರರನ್ನೂ ಹತ್ತಿಸಿಕೊಂಡು, ಕಪ್ತಾನನ ಹುಲ್ಲಿನ ಟೋಪಿಯನ್ನು ತಲೆಗಿಟ್ಟು, ಸಮ್ಟರ್ ಕಾವಲಿಗೆ ಸರಿಯಾದ ಸಿಳ್ಳಿನ ಸನ್ನೆ ಕೊಟ್ಟು ದಾಟಿಹೋದನು. ಗುಂಡಿನ ಅಳತೆ ಮೀರಿದೊಡನೆ ಬಿಳಿಯ ಬಟ್ಟೆ ಏರಿಸಿ ಉತ್ತರದ ನೌಕಾಪಡೆಗೆ ಹಡಗನ್ನು ಒಪ್ಪಿಸಿದನು. ಯುದ್ಧಕಾಲದಲ್ಲಿ ತೆರಿಗೆ ಬಾಕಿಗೆ ಹರಾಜಾದ ತನ್ನ ಯಜಮಾನನ ಮನೆಯನ್ನೇ ಕೊಂಡುಕೊಂಡನು. ಪ್ರತಿನಿಧಿ ಸಭೆಗೆ ಹಲವು ಬಾರಿ ಆರಿಸಿಹೋದನು. ಬರೆಯಲು ಕಲಿಯುವುದೇ ಅಪರಾಧವಾಗಿದ್ದ ರಾಜ್ಯದಲ್ಲಿ ಎಲ್ಲ ಮಕ್ಕಳಿಗೂ ಉಚಿತ ಶಾಲೆಗಾಗಿ 1868ರ ಸಂವಿಧಾನ ಸಭೆಯಲ್ಲಿ ದುಡಿದನು. 1895ರಲ್ಲಿ ಹೊಸ ಸಂವಿಧಾನ ಮಾಡಿ ಕರಿಯರ ಮತವನ್ನು ಕಸಿದುಕೊಂಡಾಗ ಎದ್ದುನಿಂತು ವಿರೋಧಿಸಿದವರಲ್ಲಿ ಅವನೂ ಒಬ್ಬ. ಗೆದ್ದುದನ್ನು ಮತ್ತೆ ಕಳೆದುಕೊಳ್ಳುವುದನ್ನು ಕಣ್ಣಾರೆ ಕಂಡು, 1915ರಲ್ಲಿ ಅದೇ ಮನೆಯಲ್ಲಿ ತೀರಿಕೊಂಡನು. ಓಕ್ ಮರಗಳಿಂದ ನರೆಗಡ್ಡದಂತೆ ಪಾಚಿ ಜೋಲುವ ಬ್ಯೂಫರ್ಟಿನ ಬೀದಿಯಲ್ಲಿ ಆ ಮನೆಯನ್ನು ಇಂದಿಗೂ ಕಾಣಬಹುದು.

ಒಂದು ನುಡಿಯ ಮಾತು

ಬ್ಯೂಫರ್ಟಿನ ಆಚೆ ದ್ವೀಪಗಳು. ಸೇಂಟ್ ಹೆಲೆನಾ ದ್ವೀಪದಲ್ಲಿ 1862ರಲ್ಲಿ, ಯುದ್ಧ ನಡೆಯುತ್ತಿರುವಾಗಲೇ, ಬಿಡುಗಡೆಯಾದವರಿಗಾಗಿ ತೆರೆದ ಪೆನ್ ಶಾಲೆಯಿದೆ. 1960ರ ದಶಕದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ತಮ್ಮ ಸಂಗಡಿಗರೊಂದಿಗೆ ಸಮಾಲೋಚನೆಗೆ ಬಂದು ಕೂರುತ್ತಿದ್ದುದು ಇಲ್ಲಿಯೇ. ಈ ದ್ವೀಪಗಳ ಕರಿಯರು ಆಡುವ ನುಡಿಗೆ ಗಲ್ಲಾ ಎಂದು ಹೆಸರು. ಭಾಷೆ ಕಲಿಸುವವನಾದ ನನಗೆ ಇದರಲ್ಲಿ ಹೆಚ್ಚಿನ ಕುತೂಹಲ. ಕಲಿತವರು ಇದನ್ನು ಬಹುಕಾಲ ಕೆಟ್ಟ ಇಂಗ್ಲಿಷ್ ಎಂದು ಹಳಿದರು. ಶಾಲೆಗಳಲ್ಲಿ ಮಕ್ಕಳಿಗೆ ನಾಚಿಕೆಯಾಗುವಂತೆ ಮಾಡಿದರು. ಲೊರೆಂಜೊ ಡೌ ಟರ್ನರ್ ಎಂಬ ಕರಿಯ ವಿದ್ವಾಂಸರು ವರ್ಷಗಟ್ಟಲೆ ದ್ವೀಪಗಳಲ್ಲಿ ಅಲೆದು, ಆಫ್ರಿಕದ ನುಡಿಗಳನ್ನೂ ಅಭ್ಯಾಸ ಮಾಡಿ, 1949ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಗಲ್ಲಾ ನುಡಿಯಲ್ಲಿ ಆಫ್ರಿಕದ ಸಾವಿರಾರು ಪದಗಳೂ ಹೆಸರುಗಳೂ ಜೀವಂತವಾಗಿವೆಯೆಂದು ಅದು ತೋರಿಸಿತು. ತಪ್ಪು ಎನಿಸಿಕೊಂಡುದು ನೆನಪು ಎಂದು ಗೊತ್ತಾಯಿತು.

ಇಲ್ಲಿ ಒಂದು ತಮಾಷೆಯನ್ನು ಹೇಳಬೇಕು. ಚಾರ್ಲ್ಸ್‌ಟನ್ನಿನ ಪೇಟೆಯಲ್ಲಿ ‘ಬೆನ್ನೆ ಬಿಸ್ಕತ್ತು’ ಎಂದು ಕೂಗಿ ಮಾರುತ್ತಿದ್ದರು. ನಾನು ಬೆಣ್ಣೆಯೆಂದು ಹಿಗ್ಗಿ ಕೊಂಡುಕೊಂಡೆ. ಬಾಯಲ್ಲಿಟ್ಟರೆ ಎಳ್ಳು! ಪಶ್ಚಿಮ ಆಫ್ರಿಕದ ನುಡಿಗಳಲ್ಲಿ ಎಳ್ಳಿಗೆ ‘ಬೆನೆ’. ಗುಲಾಮರ ನಾಲಗೆಯ ಮೇಲೆ ಬಂದ ಆ ಪದವೇ ಇಂದು ಬಿಳಿಯರ ಬಿಸ್ಕತ್ತಿನ ಡಬ್ಬಿಯ ಮೇಲಿದೆ. ಎಳ್ಳಿನ ಜೊತೆ ಬೆಲ್ಲವಿದ್ದಿದ್ದರೆ ಸಂಕ್ರಾಂತಿಯೇ ಆಗುತ್ತಿತ್ತೆಂದು ನನ್ನ ತಮ್ಮನ ಹೆಂಡತಿ ನಕ್ಕಳು.

ಗುಲಾಮಗಿರಿ ಹೋದ ಮೇಲೆ ಅಕ್ಕಿಯ ಕಾಲವೂ ಹೋಯಿತು. ಬಿಟ್ಟಿ ದುಡಿಮೆಯಿಲ್ಲದೆ ಒಡ್ಡುಗಳನ್ನು ಕಾಪಾಡುವುದು ಸಾಧ್ಯವಾಗಲಿಲ್ಲ. ಯಂತ್ರದ ಬೇಸಾಯಕ್ಕೆ ಒಗ್ಗುವ ನೆಲ ಲೂಸಿಯಾನ, ಅರ್ಕಾನ್ಸಾಗಳಲ್ಲಿ ಸಿಕ್ಕಿತು. 1893 ಮತ್ತು 1911ರ ಚಂಡಮಾರುತಗಳು ಉಳಿದುದನ್ನೂ ಮುರಿದುವು. ಬಿಡುಗಡೆಯಾದವರ ಮಕ್ಕಳು ದ್ವೀಪಗಳಲ್ಲಿ ತುಂಡು ನೆಲ ಮಾಡಿಕೊಂಡು ಉಳಿದರು. ಯಾರಿಗೂ ಬೇಡವಾಗಿದ್ದ ಆ ಸಮುದ್ರದಂಡೆ, 1956ರಲ್ಲಿ ಹಿಲ್ಟನ್ ಹೆಡ್ ದ್ವೀಪಕ್ಕೆ ಸೇತುವೆ ಬಂದ ಮೇಲೆ ಎಲ್ಲರಿಗೂ ಬೇಕಾಯಿತು. ಉಯಿಲಿಲ್ಲದೆ ತಲೆಮಾರಿನಿಂದ ತಲೆಮಾರಿಗೆ ಬಂದ ಅವಿಭಕ್ತ ಆಸ್ತಿಯಲ್ಲಿ ಒಬ್ಬ ಪಾಲುದಾರನಿಂದ ಪಾಲು ಕೊಂಡು, ನ್ಯಾಯಾಲಯದ ಮೂಲಕ ಇಡೀ ಜಮೀನನ್ನು ಹರಾಜಿಗೆ ತರುವ ಉಪಾಯ ಹಲವು ಕುಟುಂಬಗಳ ನೆಲವನ್ನು ನುಂಗಿತು. ಆ ನೆಲದಲ್ಲಿ ಎದ್ದ ವಿಲಾಸದ ಬಡಾವಣೆಗಳಲ್ಲಿ ಎಷ್ಟೋ ‘ಪ್ಲಾಂಟೇಶನ್’ ಎಂಬ ಹೆಸರನ್ನೇ ಇಟ್ಟುಕೊಂಡುವು. ಬುಟ್ಟಿಯ ಹುಲ್ಲು ಬೆಳೆಯುವ ದಿಬ್ಬಗಳಿಗೂ ಬೇಲಿ ಬಿದ್ದಿದೆ. ಹೆಣೆಯುವವರು ಹುಲ್ಲಿಗಾಗಿ ದೂರ ದೂರ ಹೋಗಬೇಕಾಗಿದೆ.

ನಗರವೂ ಈಚೆಗೆ ತನ್ನ ಕಥೆಯನ್ನು ತಿದ್ದಿ ಹೇಳಲು ತೊಡಗಿದೆ. 2018ರಲ್ಲಿ ನಗರಸಭೆ ಗುಲಾಮಗಿರಿಗಾಗಿ ಕ್ಷಮೆ ಕೇಳಿತು. ಗುಲಾಮರ ಹಡಗುಗಳು ನಿಲ್ಲುತ್ತಿದ್ದ ಗ್ಯಾಡ್ಸ್‌ಡನ್ ಕಟ್ಟೆಯ ಮೇಲೆ 2023ರಲ್ಲಿ ದೊಡ್ಡ ವಸ್ತುಸಂಗ್ರಹಾಲಯ ತೆರೆಯಿತು. ಆ ಕಟ್ಟಡವನ್ನು ನೆಲದಿಂದ 13 ಅಡಿ ಎತ್ತರದಲ್ಲಿ ಕಂಬಗಳ ಮೇಲೆ ನಿಲ್ಲಿಸಿದ್ದಾರೆ. ಕೆಳಗಿನ ನೆಲ ಖಾಲಿ. ಅದರ ಮೇಲೆ ಭಾರ ಹೇರಬಾರದೆಂಬ ಭಾವನೆ.

ಹಿಂತಿರುಗುವ ದಿನ ಕೂಪರ್ ನದಿಯ ಕಡೆ ಒಂದು ಹಳೆಯ ಸಿಗಾರ್ ಕಾರ್ಖಾನೆಯ ಕಟ್ಟಡವನ್ನು ತಮ್ಮ ತೋರಿಸಿದ. 1945–46ರಲ್ಲಿ ಕೂಲಿಗಾಗಿ ಮುಷ್ಕರ ಹೂಡಿದ ಕರಿಯ ಹೆಂಗಸರು ಚಳಿಯಲ್ಲಿ ಇದರ ಮುಂದೆ ನಿಂತು ಹಳೆಯ ಭಜನೆಯೊಂದನ್ನು ಹಾಡುತ್ತಿದ್ದರು. ಅದು ಟೆನೆಸಿಯ ಕಾರ್ಮಿಕ ಶಾಲೆಗೆ ಹೋಗಿ, ಬಾಯಿಂದ ಬಾಯಿಗೆ ಬದಲಾಗಿ, ‘ವಿ ಶಲ್ ಓವರ್‌ಕಮ್’ ಆಯಿತು. ಅದರ ಕನ್ನಡ ರೂಪವನ್ನು ನಮ್ಮ ಶಾಲೆಯ ಮಕ್ಕಳು ಇಂದಿಗೂ ಹಾಡುತ್ತಾರೆ. ನಾನೂ ಹುಡುಗನಾಗಿದ್ದಾಗ ಹಾಡಿದ್ದೇನೆ. ಅದರ ದಾರಿಯಲ್ಲಿ ಈ ಬಾಗಿಲೂ ಇತ್ತೆಂದು ತಿಳಿದಿರಲಿಲ್ಲ.

ಬುಟ್ಟಿಯ ಅಜ್ಜಿಯಿಂದ ನಾನೊಂದು ಸಣ್ಣ ಮೊರವನ್ನು ಕೊಂಡು ತಂದೆ. ಬೆಲೆ ಕಡಿಮೆಯೇನಲ್ಲ. ಆದರೆ ಅದನ್ನು ಹೆಣೆಯಲು ದಿನಗಟ್ಟಲೆ ಬೇಕು, ಚೌಕಾಸಿ ಮಾಡಲು ಮನಸ್ಸಾಗಲಿಲ್ಲ. ಗೋಡೆಗೆ ಅಲಂಕಾರವಾಗಿ ತೂಗುಹಾಕಬೇಕೆಂದಿದ್ದೆ. ಮನೆಯಲ್ಲಿ ಅಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಅಂಚನ್ನು ಬೆರಳಿನಿಂದ ಒತ್ತಿ, “ಗಟ್ಟಿಯಾಗಿದೆ. ಹೆಣೆದವರು ಅಕ್ಕಿ ಕಂಡವರು” ಎಂದರು. ಮರುದಿನ ಬೆಳಿಗ್ಗೆ ನೋಡಿದರೆ ಅದರಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದರು.